ರಾಜಧಾನಿಯ ನೀರು ರುಚಿ ನೋಡಿದವಳು

ರಾಜಧಾನಿ ಮೊಂತೆವಿದೇವೊ ನಗರದ ಪಲೆರ್ಮೊ ಬಡಾವಣೆಯಲ್ಲಿ, ರಮಿರೆಸ್ ಬೀಚಿನಿಂದ ನಾಲ್ಕು ಬೀದಿ ಮೇಲಕ್ಕೆ, ಸುಲ್ಮಾ ಬರ್ಬೋಸಾಳ ಅಂಗಡಿ. ಮುಂದೆ ಮೇಣದಬತ್ತಿ, ಧೂಪ, ಒಣಸೊಪ್ಪು, ಸುಣ್ಣದ ಗೊಂಬೆ ದೇವರುಗಳು. ಹಿಂದಿನ ಕೋಣೆಯಲ್ಲಿ ವರ್ಷಪೂರ್ತಿ ದೋಣಿ ಕಟ್ಟುವ ಕೆಲಸ. ಮನುಷ್ಯರು ಹತ್ತುವ ದೋಣಿಯಲ್ಲ, ಒಂದೂವರೆ ಮೊಳ ಉದ್ದದ, ತಿಳಿನೀಲಿ ಬಳಿದ ಥರ್ಮಾಕೋಲಿನ ದೋಣಿ. ಫೆಬ್ರವರಿ ಎರಡರಂದು ಕಡಲ ತಾಯಿ ಯೆಮಾಂಜಾಗೆ ಹರಕೆ ಹೊತ್ತವರು ಅದರಲ್ಲಿ ಕಲ್ಲಂಗಡಿ ಹೋಳು, ಜೋಳದ ಅರಳು, ಬಾಚಣಿಗೆ, ಕನ್ನಡಿ, ಸೆಂಟಿನ ಶೀಶೆ, ಬಿಳಿ ಹೂವು ಇಟ್ಟು ನೀರಿಗೆ ಬಿಡುತ್ತಾರೆ. ದೋಣಿ ಒಳಕ್ಕೆ ಹೋದರೆ ತಾಯಿ ಒಪ್ಪಿಕೊಂಡಳು. ಅಲೆ ಅದನ್ನು ದಡಕ್ಕೆ ಎಸೆದರೆ ಮನೆಗೆ ಹೋಗಿ ತಲೆ ಕೆರೆದುಕೊಳ್ಳಬೇಕು, ಎಲ್ಲಿ ತಪ್ಪಿದೆ ಅಂತ.

ಆ ಥರ್ಮಾಕೋಲು ಫ್ರಿಜ್ಜು ಮಾರುವ ಅಂಗಡಿಗಳ ಹಿಂಬಾಗಿಲಲ್ಲಿ ಬಿಸಾಕಿದ್ದು. ಪುಕ್ಕಟೆ ಸಿಕ್ಕಿದ ಮಾಲಿನಲ್ಲಿ ದೇವರ ದೋಣಿ ಮಾಡಿ ಮಾರುತ್ತೀಯಲ್ಲ ಎಂದು ಯಾರಾದರೂ ಕೆಣಕಿದರೆ ಸುಲ್ಮಾ, ದೇವರೂ ನೀರನ್ನು ಪುಕ್ಕಟೆಯೇ ಕೊಟ್ಟಿದ್ದಾನೆ, ಅದರ ದಡದಲ್ಲಿ ಸೈಟು ಮಾರುವವರನ್ನು ಮೊದಲು ಕೇಳಿ ಬನ್ನಿ ಎನ್ನುತ್ತಿದ್ದಳು. ಅವಳ ದೋಣಿಯ ಅಡಿಯಲ್ಲಿ ಒಂದು ಹಿಡಿ ಮರಳಿನ ಪೊಟ್ಟಣ ಹುದುಗಿರುತ್ತಿತ್ತು, ಮಗುಚದಿರಲಿ ಎಂದು. ಮೂರನೇ ಅಲೆ ದಾಟುವವರೆಗೆ ಗ್ಯಾರಂಟಿ. ಅದರಾಚೆಗೆ ನೀವುಂಟು, ತಾಯಿಯುಂಟು.

ವಯಸ್ಸು ಅರವತ್ತೆರಡು. ಕುಳ್ಳಿ, ಅಗಲ ಭುಜ, ಹೊಟ್ಟೆಗೆ ಕಟ್ಟಿದ ದುಡ್ಡಿನ ಚೀಲ ಮಲಗುವಾಗ ಮಾತ್ರ ಬಿಚ್ಚುತ್ತಾಳೆಂದು ಬೀದಿಯ ಮಾತು. ಗಂಡ ಎಲ್ಬಿಯೊ ಇಪ್ಪತ್ತು ವರ್ಷದ ಹಿಂದೆ ಆಚೆ ದಡದ ಬ್ಯೂನಸ್ ಐರಿಸ್‌ಗೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಉಳಿದ. ಆಚೆಯವರು ಈ ನೀರನ್ನು ನದಿ ಅನ್ನುತ್ತಾರೆ, ಈಚೆಯವರು ಸಮುದ್ರ ಅನ್ನುತ್ತಾರೆ. ಎಲ್ಬಿಯೊ ಈ ದಡದಲ್ಲಿದ್ದಾಗಲೇ ನದಿ ಅನ್ನುತ್ತಿದ್ದ. ಆಗಲೇ ಎಚ್ಚರವಾಗಬೇಕಿತ್ತು ನನಗೆ, ಎಂದು ಸುಲ್ಮಾ ಗಿರಾಕಿಗಳಿಗೆ ಹೇಳಿ ನಗಿಸುತ್ತಿದ್ದಳು.

ನಕ್ಷೆಯಲ್ಲಿ ಅದು ನದಿಯೇ. ಮೂಲೆಮನೆಯ ನಿವೃತ್ತ ಮೇಷ್ಟ್ರು ಲೌರೊ ನಲವತ್ತು ವರ್ಷ ಮಕ್ಕಳಿಗೆ ಹಾಗೇ ಕಲಿಸಿದವರು. ಅದೇ ಮೇಷ್ಟ್ರು ಭಾನುವಾರ ಟವೆಲು ಹೆಗಲಿಗೆ ಹಾಕಿಕೊಂಡು ಹೊರಟಾಗ ಎಲ್ಲಿಗೆ ಎಂದು ಕೇಳಿದರೆ, ಸಮುದ್ರಕ್ಕೆ, ಎನ್ನುತ್ತಿದ್ದರು. ಇದರಲ್ಲಿ ಯಾರಿಗೂ ಅಡ್ಡಿ ಕಂಡಿರಲಿಲ್ಲ. ಪುಸ್ತಕದ ಮಟ್ಟಿಗೆ ರಾಜಧಾನಿ ನದಿಯ ದಂಡೆಯಲ್ಲಿತ್ತು, ಟವೆಲಿನ ಮಟ್ಟಿಗೆ ಕಡಲ ತೀರದಲ್ಲಿತ್ತು.

ಆ ವರ್ಷ ಜನವರಿಯಲ್ಲಿ ಬಡಗಣ ದಿಕ್ಕಿಗೆ, ಬ್ರೆಸಿಲ್ ಸೀಮೆಯಲ್ಲಿ, ತಿಂಗಳಿಡೀ ಮಳೆ ಹುಯ್ಯಿತು. ಆ ನೀರೆಲ್ಲ ಎರಡು ದೊಡ್ಡ ನದಿಗಳಲ್ಲಿ ಇಳಿದು ಬಂತು. ಮಾಸ ಮುಗಿಯುವಷ್ಟರಲ್ಲಿ ರಮಿರೆಸ್ ಬೀಚಿನ ನೀರು ಟೀಯ ಬಣ್ಣಕ್ಕೆ ತಿರುಗಿ, ದಡದ ಉದ್ದಕ್ಕೂ ಅಂತರಗಂಗೆಯ ಹಸಿರು ದಿಂಡುಗಳು ಬಂದು ಬಿದ್ದವು. ಅದರೊಳಗೆ ಕಪ್ಪೆ, ಏಡಿ, ಒಂದೆರಡು ಹಾವು. ಪೊಲೀಸರು ಕೆಂಪು ಬಾವುಟ ನೆಟ್ಟರು. ಮೀನು ಹಿಡಿಯುವವರು ಸಮುದ್ರದ ಮೀನಿಗೆ ಗಾಳ ಹಾಕಿ ಕೆಸರು ಮೀನು ಎತ್ತಿದರು.

ಸುಲ್ಮಾ ಇದನ್ನೆಲ್ಲ ನೋಡಿ ಹೆಚ್ಚು ಚಿಂತೆ ಮಾಡಲಿಲ್ಲ. ದೋಣಿ ಬಿಡುವವರಿಗೆ ಹಾವಿನ ಭಯವಾದರೆ ಬೂಟು ಬಾಡಿಗೆಗೆ ಕೊಡಬಹುದಲ್ಲ ಎಂದು ಯೋಚಿಸಿದಳು, ಅಷ್ಟೆ. ಚಿಂತೆ ಬಂದಿದ್ದು ಫೆಬ್ರವರಿ ಒಂದರ ಬೆಳಗ್ಗೆ, ಮಾಯ್ ಜುರೆಮಾ ರೂಪದಲ್ಲಿ.

ಮಾಯ್ ಜುರೆಮಾ ಬ್ರೆಸಿಲ್ ಗಡಿಯ ಊರಿನ ಪೂಜಾರಿಣಿ. ಎಂಬತ್ತು ದಾಟಿದ, ಬಿಳಿ ಲಂಗದ, ಕಡಿಮೆ ಮಾತಿನ ಹೆಂಗಸು. ಹಬ್ಬಕ್ಕೆಂದು ಬಂದು ಸುಲ್ಮಾಳ ಬೀದಿಯ ಪೂಜೆಮನೆಯಲ್ಲಿ ಇಳಿದುಕೊಂಡಿದ್ದಳು. ಬೆಳಗ್ಗೆ ಬೀಚಿಗೆ ಹೋಗಿ ಬೊಗಸೆಯಲ್ಲಿ ನೀರೆತ್ತಿ ಕುಡಿದು, ವಾಪಸು ಬರುವಾಗ ಅಂಗಡಿಯ ಮುಂದೆ ನಿಂತಳು. ಬಾಗಿಲಲ್ಲಿ ಐವತ್ತು ನೀಲಿ ದೋಣಿ ಸಾಲಾಗಿದ್ದವು.

"ಚೆನ್ನಾಗಿವೆ," ಅಂದಳು. "ಆದ್ರೆ ಇವನ್ನ ಎಲ್ಲಿ ಬಿಡ್ತೀರಿ? ನಿಮ್ಮ ರಾಜಧಾನಿಗೆ ಕಡಲೇ ಇಲ್ಲವಲ್ಲ."

ಸುಲ್ಮಾ ನಕ್ಕಳು. ಮುದುಕಿ ನಗಲಿಲ್ಲ. ಸಿಹಿನೀರಿಗೆ ಬೇರೆ ತಾಯಿ ಇದ್ದಾಳೆ, ಒಶುಂ ಅಂತ, ಅವಳ ಬಣ್ಣ ಹಳದಿ, ಅವಳ ದಿನವೇ ಬೇರೆ. ಉಪ್ಪುನೀರಿನವಳ ಕಾಣಿಕೆಯನ್ನು ಸಿಹಿನೀರಿನವಳ ಬಾಗಿಲಲ್ಲಿಟ್ಟರೆ ಇಬ್ಬರಿಗೂ ಅವಮಾನ. ಇಷ್ಟು ಹೇಳಿ ಅವಳು ಹೊರಟುಹೋದಳು.

ಆ ಹೊತ್ತಿಗೆ ಅಂಗಡಿಯೊಳಗೆ ಕುರ್ಚಿಯಲ್ಲಿ ನೆಲಿದಾ ತೆಚೆರಾ ಕೂತಿದ್ದಳು. ಪಕ್ಕದ ಬೀದಿಯ ದರ್ಜಿ ಹೆಂಗಸು, ಎಪ್ಪತ್ತೊಂದು ವರ್ಷ, ಊದಿದ ಕಾಲು. ಅವಳ ಒಬ್ಬನೇ ಮಗ ವಿಲ್ಮಾರ್ ತೆಂಕಣ ಕಡಲಿನಲ್ಲಿ ಬೊಂಡಾಸು ಮೀನು ಹಿಡಿಯುವ ಹಡಗಿನಲ್ಲಿ ಕೆಲಸಗಾರ. ಹಿಂದಿನ ವರ್ಷ ಆ ಹಡಗಿನ ಎಂಜಿನ್ ಕೆಟ್ಟು ಹನ್ನೊಂದು ದಿನ ಗಾಳಿಪಾಲಾಗಿತ್ತು. ಆಗ ನೆಲಿದಾ ಇದೇ ಕುರ್ಚಿಯಲ್ಲಿ ಕೂತು, ಸುಲ್ಮಾ ಮತ್ತು ಇನ್ನಿಬ್ಬರ ಎದುರು ಹರಕೆ ಹೊತ್ತಿದ್ದಳು: ಸಮುದ್ರಕ್ಕೆ ಹೋದವನು ತಿರುಗಿ ಬಂದರೆ, ಅವನು ಮತ್ತೆ ಹಡಗು ಹತ್ತುವ ಮೊದಲು ಸಮುದ್ರಕ್ಕೆ ನನ್ನ ಕೈಯಾರೆ ಒಂದು ದೋಣಿ. ಮಗ ಬಂದ. ವರ್ಷವೆಲ್ಲ ಬಂದರಿನಲ್ಲಿ ಕೂಲಿ ಮಾಡಿಕೊಂಡಿದ್ದ. ಈಗ ಹೊಸ ಹಡಗು ಸಿಕ್ಕಿದೆ, ಫೆಬ್ರವರಿ ಹತ್ತಕ್ಕೆ ಹೊರಡುತ್ತಾನೆ.

ನೆಲಿದಾ ಮುದುಕಿಯ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. ಮಡಿಲಲ್ಲಿದ್ದ ದೋಣಿಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು.

"ಸುಲ್ಮಾ, ನಾನು ಸಮುದ್ರಕ್ಕೆ ಅಂತ ಬಾಯಿಬಿಟ್ಟು ಹೇಳಿದ್ದೀನಿ. ನೀನೂ ಕೇಳಿದ್ದೀಯ."

"ಕೇಳಿದ್ದೀನಿ, ದೋನ್ಯಾ ನೆಲಿದಾ."

"ಇದು ಸಮುದ್ರ ಹೌದೋ ಅಲ್ವೋ?"

ನಲವತ್ತು ವರ್ಷ ದೋಣಿ ಮಾರಿದವಳಿಗೆ ಅಪ್ಪನ ನೆನಪು ಬಂತು. ಅವಳ ಅಪ್ಪ ಅಪರಿಸಿಯೊ, ಬುಸೆಯೊ ಎಂಬ ದಕ್ಕೆಯ ಬೆಸ್ತ. ಯಾವ ಬಲೆ ಹಾಕಬೇಕೆಂದು ದಿನವೂ ನಾಲಿಗೆಯಿಂದ ತೀರ್ಮಾನ ಮಾಡುತ್ತಿದ್ದ. ಬಾಯಿ ಮುಕ್ಕಳಿಸಿ, ಮೊಣಕಾಲುದ್ದ ನೀರಿಗೆ ಇಳಿದು, ಮೊಣಕೈವರೆಗೆ ಕೈ ಮುಳುಗಿಸಿ, ಬೆರಳು ನೆಕ್ಕಿ ನೋಡುವುದು. ಉಪ್ಪಿದ್ದರೆ ಒಂದು ಬಲೆ, ಸಿಹಿಯಿದ್ದರೆ ಇನ್ನೊಂದು. ಸುಲ್ಮಾ ಎಂಟು ವರ್ಷದವಳಿದ್ದಾಗಲೇ ಆ ವಿದ್ಯೆ ಕಲಿತಿದ್ದಳು. ದೋಣಿ ಮಾರಲು ಶುರುಮಾಡಿದ ಮೇಲೆ ಒಂದು ಸಲವೂ ಹಬ್ಬದ ದಿನ ನೀರಿನ ರುಚಿ ನೋಡಿರಲಿಲ್ಲ. ವ್ಯಾಪಾರಿಗೆ ಮಾಲು ಕೊಟ್ಟಮೇಲೆ ವಿಳಾಸದ ಉಸಾಬರಿ ಯಾಕೆ?

ಸಂಜೆ ವಿಲ್ಮಾರ್ ಬಂದು ಸುಲಭದ ದಾರಿ ಹೇಳಿದ. ಹತ್ತನೇ ತಾರೀಖು ಹೇಗೂ ನಾನು ಸಮುದ್ರಕ್ಕೇ ಹೋಗುವವನು, ದೋಣಿ ನನ್ನ ಕೈಗೆ ಕೊಡಿ, ಯಾರೂ ಅನುಮಾನಪಡದಂಥ ಉಪ್ಪುನೀರಿನಲ್ಲಿ ಬಿಡುತ್ತೇನೆ. ಅವನಮ್ಮ ಅವನನ್ನು ಕಣ್ಣಲ್ಲೇ ಅಳೆದಳು.

"ತಾಯಿ ಉಳಿಸಿಕೊಟ್ಟವನ ಕೈಲೇ ಕಾಣಿಕೆ ಕಳಿಸೋದೇನೋ? ನಾನು ಹೊತ್ತ ಹರಕೆ, ನನ್ನ ಕೈ. ಅದೂ ನೀನು ಹತ್ತೋ ಮುಂಚೆ. ನೀನು ಸುಮ್ನೆ ನಿನ್ನ ಬಟ್ಟೆ ಜೋಡಿಸ್ಕೊ."

ಮೇಷ್ಟ್ರು ಲೌರೊ ಬಗಲಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಎಂಬ ಸೊಪ್ಪಿನ ಕಷಾಯ ಹೀರುವ ಸೋರೆಬುರುಡೆ ಹಿಡಿದು ಬಂದು ಸೇರಿಕೊಂಡರು. ಪುಸ್ತಕ ತೆಗೆಯಲಿಲ್ಲ, ಆದರೆ ತೆಗೆದ ಹಾಗೇ ಆಯಿತು. ಜಗತ್ತಿನ ಅತಿ ಅಗಲದ ನದಿ, ಅದರ ಬಾಯಿ ಇಲ್ಲಿಂದ ಬಹುದೂರ ಮೂಡಲಿಗೆ, ಆದ್ದರಿಂದ ರಾಜಧಾನಿ ಕಡಲೂರಲ್ಲ ಎಂದು ಪಾಠ ಒಪ್ಪಿಸಿದರು. ಹಾಗಾದರೆ ಭಾನುವಾರ ಟವೆಲು ಹಾಕಿಕೊಂಡು ಎಲ್ಲಿಗೆ ಹೋಗುತ್ತೀರಿ ಎಂದು ಸುಲ್ಮಾ ಕೇಳಿದಳು. ಮೇಷ್ಟ್ರು ಬುರುಡೆಯ ನಳಿಗೆಯನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಹೀರಿದರು.

ಮರುದಿನ ಹಬ್ಬ. ಬೆಳಗಾಗುತ್ತಲೇ ಸುಲ್ಮಾ ಬಾಯಿ ಮುಕ್ಕಳಿಸಿ, ಮಾಟೆ ಸಹ ಕುಡಿಯದೆ, ಅಂತರಗಂಗೆ ತುಳಿದುಕೊಂಡು ಮೊಣಕಾಲುದ್ದಕ್ಕೆ ಇಳಿದಳು. ಬೆರಳು ನೆಕ್ಕಿದಳು. ಮನೆಯ ನಲ್ಲಿಯ ನೀರಿಗೆ ಸ್ವಲ್ಪ ಮಣ್ಣು ಕಲಸಿದ ಹಾಗಿತ್ತು. ಒಂದು ಕಾಳು ಉಪ್ಪಿಲ್ಲ.

ಆ ದಿನ ಊರಿನವರು ಎಂದಿನಂತೆ ಬಂದರು, ಮರಳಲ್ಲಿ ಗುಂಡಿ ತೋಡಿ ಮೇಣದಬತ್ತಿ ಹಚ್ಚಿದರು, ದೋಣಿ ಬಿಟ್ಟರು. ಕೇಳಿದವರಿಗೆ ಸುಲ್ಮಾ ನೀರು ಸಿಹಿ ಎಂದೇ ಹೇಳಿ ಮಾರಿದಳು. ತಾಯಂದಿರು ತಮ್ಮತಮ್ಮೊಳಗೆ ಹಂಚಿಕೊಳ್ಳುತ್ತಾರೆ ಬಿಡು ಅಂದರು ಕೆಲವರು. ಕೇಳದವರಿಗೆ ಅವಳೂ ಹೇಳಲಿಲ್ಲ. ಹತ್ತು ಗಂಟೆಗೆ ಅಂಗಡಿಯನ್ನು ಪೂಜೆಮನೆಯ ಹುಡುಗಿಗೆ ಒಪ್ಪಿಸಿ, ನೆಲಿದಾಳನ್ನು ಕರೆದುಕೊಂಡು ಮೂಡಲ ಕಡೆಯ ಬಸ್ಸು ಹತ್ತಿದಳು. ಹಬ್ಬದ ದಿನ ಅವಳು ಅಂಗಡಿ ಬಿಟ್ಟಿದ್ದು ಅದೇ ಮೊದಲು. ಅಪ್ಪ ಹೇಳುತ್ತಿದ್ದ, ಸಿಹಿನೀರು ಎಷ್ಟೇ ಜೋರು ಮಾಡಲಿ, ಮೂಡಲಿಗೆ ಹೋದಂತೆ ಎಲ್ಲೋ ಒಂದು ಕಡೆ ಉಪ್ಪಿಗೆ ಸೋಲಲೇಬೇಕು ಅಂತ. ಆ ಜಾಗ ಹುಡುಕಿದರಾಯಿತು.

ದೋಣಿ ನೆಲಿದಾಳ ಮಡಿಲಲ್ಲಿ, ಕಲ್ಲಂಗಡಿ ಸುಲ್ಮಾಳ ಕಂಕುಳಲ್ಲಿ. ಕಂಡಕ್ಟರು ಬಂದು, ದೇವರಿಗೆ ಟಿಕೆಟ್ಟು ಯಾರು ತಗೋತೀರಿ ಎಂದ. ಅವಳು ಅರವತ್ತು ದಾಟಿದವಳು, ರಿಯಾಯಿತಿ ಕೊಡು, ಎಂದಳು ಸುಲ್ಮಾ.

ಮಲ್ವಿನ್ ಬೀಚಿನಲ್ಲಿ ಇಳಿದರು. ಸಿಹಿ. ಇನ್ನೊಂದು ಬಸ್ಸು ಹಿಡಿದು ಕರಾಸ್ಕೊ ತನಕ ಹೋದರು. ಅಲ್ಲೊಂದು ಹಳ್ಳ ಬಂದು ನೀರಿಗೆ ಸೇರುತ್ತದೆ. ಹಳ್ಳದ ಈಚೆ ರಾಜಧಾನಿ, ಆಚೆ ಬೇರೆ ಜಿಲ್ಲೆ. ಸುಲ್ಮಾ ಹಳ್ಳದ ಈಚೆಗೇ ಇಳಿದು, ಮೂರು ಸಲ ನೆಕ್ಕಿ ನೋಡಿದಳು. ಮೂರು ಸಲವೂ ಸಿಹಿ. ದಡದಲ್ಲಿ ಕಲ್ಲಿನ ಮೇಲೆ ಕೂತಿದ್ದ ನೆಲಿದಾ ಅವಳ ಮುಖ ನೋಡಿಯೇ ತಿಳಿದುಕೊಂಡಳು.

"ಹಾಗಾದ್ರೆ ಮುದುಕಿ ಹೇಳಿದ್ದೇ ಸರಿ."

"ಇವತ್ತಿನ ಮಟ್ಟಿಗೆ ಸರಿ," ಅಂದಳು ಸುಲ್ಮಾ. ಹುಟ್ಟಿ ಬೆಳೆದ ಊರಿನ ಕೈಯಿಂದ ಯಾರೋ ಏನೋ ಕಸಿದುಕೊಂಡಂತೆ ಅವಳಿಗಾಯಿತು. ಕಾಲಿಗೆ ಅಂಟಿದ್ದ ಅಂತರಗಂಗೆಯ ಎಲೆ ಕಿತ್ತು ಎಸೆದು ಮುಂದಿನ ಬಸ್ಸು ಹುಡುಕಿದಳು.

ಅತ್ಲಾಂತಿದಾ ಎಂಬ ಊರಿಗೆ ಅಲ್ಲಿಂದ ಮುಕ್ಕಾಲು ಗಂಟೆ. ಪಕ್ಕದ ಸೀಟಿನ ಹೆಂಗಸು ದೋಣಿ ನೋಡಿ ಹಣೆ ಎದೆ ಮುಟ್ಟಿಕೊಂಡು, ಉಪ್ಪು ಉದುರಿಸಿದ ಬಿಸ್ಕತ್ತಿನ ಪೊಟ್ಟಣ ಮುಂದಕ್ಕೆ ಹಿಡಿದಳು. ಬೆಳಗಿನಿಂದ ಖಾಲಿ ಹೊಟ್ಟೆ. ಸುಲ್ಮಾ ನಾಲ್ಕು ತಿಂದಳು, ಮರ್ಯಾದೆಗೆ ಐದನೆಯದನ್ನು ಬೇಡವೆಂದಳು.

ಅತ್ಲಾಂತಿದಾದ ಮರಳು ಅಗಲ. ನೆಲಿದಾ ಅದನ್ನು ದಾಟುವಷ್ಟರಲ್ಲಿ ಎರಡು ಸಲ ಕೂತಳು. ಸುಲ್ಮಾ ನೀರಿಗೆ ಇಳಿದು ಬೆರಳು ಬಾಯಿಗಿಟ್ಟಳು. ಉಪ್ಪು. ಅವಳು ಕೈಯೆತ್ತಿ ತೋರಿಸಿದ್ದೇ ತಡ, ನೆಲಿದಾ ಚಪ್ಪಲಿ ಕಳಚಿ, ಲಂಗವನ್ನು ಮಂಡಿಗೆ ಕಟ್ಟಿ, ದೋಣಿಯಲ್ಲಿ ಬಾಚಣಿಗೆ, ಕನ್ನಡಿ, ಹೂವು ಜೋಡಿಸಿ, ಜೋಳದ ಅರಳಿನ ಪೊಟ್ಟಣ ಬಿಚ್ಚಿದಳು. ಕಲ್ಲಂಗಡಿ ಕೊಯ್ಯಲು ಸುಲ್ಮಾಳ ಕೈಗೆ ಕೊಟ್ಟಳು.

ಸುಲ್ಮಾ ಚಾಕು ಹಿಡಿದಳು. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಂತಿತ್ತು. ನಾಲಿಗೆಯಿಂದ ಎಬ್ಬಿಸಿದಳು. ಬಿಸ್ಕತ್ತಿನ ಚೂರು.

ಅವಳು ಸುಮ್ಮನಿದ್ದುಬಿಡಬಹುದಿತ್ತು. ಅದನ್ನು ಅವಳೇ ಮುಂದೆ ಹಲವರಿಗೆ ಹೇಳಿದ್ದಾಳೆ. ನೆಲಿದಾಳ ಕಾಲು ಸೋತಿದೆ, ಬಿಸಿಲು ತಲೆಯ ಮೇಲೆ, ದೋಣಿ ಸಿದ್ಧ, ಗಿರಾಕಿಯ ಮುಖದಲ್ಲಿ ತೃಪ್ತಿ. ಇದಕ್ಕಿಂತ ಒಳ್ಳೆಯ ವ್ಯಾಪಾರ ಯಾವುದು? ಆದರೆ ಹತ್ತನೇ ತಾರೀಖು ವಿಲ್ಮಾರ್ ಹೊರಡುತ್ತಾನೆ. ಆಮೇಲೆ ಪ್ರತಿ ರಾತ್ರಿ ಗಾಳಿ ಬೀಸಿದಾಗ ಈ ಚೂರು ತನ್ನ ಹಲ್ಲಿನ ಸಂದಿಯಲ್ಲೇ ಇರುತ್ತದೆ ಎಂದು ಅವಳಿಗೆ ಗೊತ್ತಾಯಿತು. ಜೊತೆಗೆ ತಂದಿದ್ದ ಫ್ಲಾಸ್ಕಿನ ನೀರಿನಿಂದ ಮೂರು ಸಲ ಬಾಯಿ ಮುಕ್ಕಳಿಸಿದಳು. ಮತ್ತೆ ಮೊಣಕಾಲುದ್ದಕ್ಕೆ ಹೋಗಿ, ಮೊಣಕೈವರೆಗೆ ಮುಳುಗಿಸಿ, ಬೆರಳು ನೆಕ್ಕಿದಳು.

ತಿರುಗಿ ಬಂದು, "ದೋನ್ಯಾ ನೆಲಿದಾ, ಉಪ್ಪು ನನ್ನ ಬಾಯಲ್ಲಿತ್ತು, ನೀರಲ್ಲಿರಲಿಲ್ಲ," ಅಂದಳು.

ನೆಲಿದಾ ಕನ್ನಡಿ, ಬಾಚಣಿಗೆ, ಹೂವನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು.

"ಹೇಳದೇ ಇದ್ದಿದ್ರೆ ನಂಗೆ ಗೊತ್ತಾಗ್ತಿರಲಿಲ್ಲ ಅಲ್ವಾ?"

"ಇಲ್ಲ."

"ನಿನ್ನಂಥ ವ್ಯಾಪಾರಸ್ಥೆ ಉದ್ಧಾರ ಆಗಲ್ಲ ಕಣೇ."

ಇನ್ನೂ ಮುಂದೆ ಹೋಗಲು ನೆಲಿದಾಳ ಕಾಲು ಒಪ್ಪಲಿಲ್ಲ. ಕಲ್ಲಂಗಡಿಯನ್ನು ಅಲ್ಲೇ ಕೊಯ್ದು ಇಬ್ಬರೂ ತಿಂದರು. ಹೊತ್ತುಕೊಂಡು ಹೋಗುವ ಭಾರ ಅಷ್ಟಾದರೂ ಇಳಿಯಲಿ ಎಂದು.

ವಾಪಸು ಬರುವಾಗ ಬಸ್ಸಿನಲ್ಲಿ ಸುಲ್ಮಾ ಲೆಕ್ಕಾಚಾರ ಹಾಕಿದಳು. ನೆಲಿದಾ ಸಮುದ್ರಕ್ಕೆ ಹೋಗಲಾರಳು. ಹಾಗಾದರೆ ಸಮುದ್ರವೇ ಬರಬೇಕು. ತೆಂಕಣ ಮೂಡಲ ಗಾಳಿ ಎದ್ದರೆ ಅದು ಬರುತ್ತದೆ. ಅಪ್ಪನ ಕಾಲದಲ್ಲೂ ಎಷ್ಟೋ ಸಲ, ರಾತ್ರಿ ಸಿಹಿಯಾಗಿದ್ದ ನೀರು ಗಾಳಿ ತಿರುಗಿದ ಮೇಲೆ ಉಪ್ಪಾಗಿ, ಅವನು ಬಲೆ ಬದಲಿಸಲು ಮನೆಗೆ ಓಡಿ ಬಂದದ್ದುಂಟು. ಇನ್ನು ಎಂಟು ದಿನ ಇದೆ.

ಹಬ್ಬದ ದಿನ ದಾಟಿದ್ದಕ್ಕೆ ಏನು ಮಾಡುವುದೆಂದು ಅವಳು ನೇರವಾಗಿ ಮಾಯ್ ಜುರೆಮಾಳ ಹತ್ತಿರ ಹೋಗಿ ಕೇಳಿದಳು. ಸರಿಯಾದ ದಿನ ತಪ್ಪು ಮನೆಗೆ ಮುಟ್ಟಿಸಿದ ಮಾಲು ಮೇಲೋ, ತಡವಾಗಿ ಸರಿಯಾದ ಮನೆಗೆ ಮುಟ್ಟಿಸಿದ ಮಾಲು ಮೇಲೋ? ಮುದುಕಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಇಂಥ ಪ್ರಶ್ನೆ ನನ್ನನ್ನು ಯಾವ ಭಕ್ತನೂ ಕೇಳಿಲ್ಲ, ಅಂದಳು. ಆಮೇಲೆ, ತಡವಾದ ನೆಂಟರನ್ನು ತಾಯಿ ಬಾಗಿಲಿಂದ ಓಡಿಸಿದ್ದು ನಾನು ಕಂಡಿಲ್ಲ, ಎಂದು ಸೇರಿಸಿ ಊರಿನ ಬಸ್ಸು ಹತ್ತಿದಳು.

ಮೂರು, ನಾಲ್ಕು, ಐದು, ಆರು. ದಿನ ಬೆಳಗ್ಗೆ ಸುಲ್ಮಾ ಬೀಚಿಗೆ ಹೋಗಿ ನಾಲಿಗೆ ಇಟ್ಟಳು, ಬಂದಳು. ದಾರಿಯಲ್ಲಿ ಸಿಕ್ಕವರು ಅಡುಗೆಗೆ ಉಪ್ಪು ಹಿಡಿಯಿತಾ ಎಂದು ಛೇಡಿಸಿದರು. ನೆಲಿದಾ ಮಗನ ಹೊಸ ಸ್ವೆಟರಿಗೆ ಗುಂಡಿ ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ವಿಲ್ಮಾರ್‌ನ ಹಡಗು ಬಂದರಿನಲ್ಲಿ ಐಸು ತುಂಬಿಸಿಕೊಳ್ಳುತ್ತಿತ್ತು. ಅವನನ್ನು ಹೋಗಬೇಡ ಎಂದು ನೆಲಿದಾ ಒಂದು ಸಲವೂ ಹೇಳಲಿಲ್ಲ. ಹೇಳಿದ್ದರೆ ಅವನು ನಿಂತುಬಿಡುತ್ತಿದ್ದನೇನೋ, ಆ ಭಾರವೂ ಅವಳಿಗೆ ಬೇಡವಾಗಿತ್ತು.

ಏಳನೇ ತಾರೀಖು ಸಂಜೆ ಬೀದಿಯ ಒಣಗಿದ ಎಲೆಗಳೆಲ್ಲ ದಿಕ್ಕು ಬದಲಿಸಿದವು. ರಾತ್ರಿ ತೆಂಕಣ ಮೂಡಲ ಗಾಳಿ ಕಿಟಕಿಗಳನ್ನು ಬಡಿಯಿತು. ಎಂಟರ ಬೆಳಗ್ಗೆ ಸುಲ್ಮಾ ಬೆರಳು ನೆಕ್ಕಿದಾಗ ಬಾಯಿ ಚುರುಗುಟ್ಟಿತು. ಓಡಿ ಬಂದು ನೆಲಿದಾಳನ್ನೂ ವಿಲ್ಮಾರ್‌ನನ್ನೂ ಎಬ್ಬಿಸಿ ಬೀಚಿಗೆ ಕರೆತಂದಳು. ಆದರೆ ಆ ಗಾಳಿ ಉಪ್ಪಿನ ಜೊತೆ ಅಲೆಯನ್ನೂ ತಂದಿತ್ತು. ನೆಲಿದಾ ಮುಂದಕ್ಕೆ ಹೆಜ್ಜೆ ಇಟ್ಟಾಗ ಸುಲ್ಮಾ ಅವಳ ತೋಳು ಹಿಡಿದು ನಿಲ್ಲಿಸಿದಳು. ಈಗ ಬಿಟ್ಟರೆ ಮೊದಲನೇ ಅಲೆಯೇ ಮುಖಕ್ಕೆ ಎಸೆಯುತ್ತದೆ.

"ನಾಳೆ ಗಾಳಿ ನಿಂತ್ರೆ ಉಪ್ಪೂ ಹೋಗಿಬಿಟ್ರೆ?" ಎಂದ ವಿಲ್ಮಾರ್.

"ಸಮುದ್ರ ಅಂದ್ರೆ ಪೆಟ್ಟಿಗೆ ಸಮೇತ ಬಂದ ನೆಂಟ ಕಣೋ. ಬಂಡಿಯವನು ಹೋದ ಅಂತ ಅದೂ ಹೋಗಲ್ಲ, ಎರಡು ದಿನ ಉಳಿಯುತ್ತೆ," ಎಂದಳು ಸುಲ್ಮಾ. ಇದು ಅವಳಪ್ಪನ ಮಾತು. ಹೇಳುವಾಗ ಧೈರ್ಯವಾಗಿಯೇ ಹೇಳಿದಳು. ಮನೆಗೆ ಬಂದು ಆ ದಿನವೆಲ್ಲ ಏನೂ ಮಾರಲಿಲ್ಲ.

ಒಂಬತ್ತರ ಬೆಳಗ್ಗೆ ಗಾಳಿ ಸತ್ತಿತ್ತು. ಅಂತರಗಂಗೆ ಮರಳ ಮೇಲೆ ಒಣಗಿ ಕಂದಾಗಿತ್ತು. ನೀರು ಹಸಿರು. ಸುಲ್ಮಾ ಮುಕ್ಕಳಿಸಿದಳು, ಇಳಿದಳು, ನೆಕ್ಕಿದಳು. ನೆಲಿದಾಳನ್ನು ನೋಡಿ, ನೀವೇ ನೋಡಿಕೊಳ್ಳಿ, ಅಂದಳು. ನೆಲಿದಾ ಮಗನ ತೋಳು ಹಿಡಿದು ಮೊಣಕಾಲುದ್ದಕ್ಕೆ ಬಂದು, ಬೆರಳು ಅದ್ದಿ ಬಾಯಿಗಿಟ್ಟಳು. ಮುಖ ಕಿವುಚಿದಳು. ಆಮೇಲೆ ದೋಣಿ ಬಿಟ್ಟಳು.

ಒಂದನೇ ಅಲೆಗೆ ದೋಣಿ ಮೂತಿ ಎತ್ತಿತು. ಎರಡನೆಯದಕ್ಕೆ ಅಡ್ಡ ತಿರುಗಿತು. ಸುಲ್ಮಾಳಿಗೆ ಮರಳಿನ ಪೊಟ್ಟಣ ಸರಿಯಾಗಿ ಕೂರಿಸಿದ್ದೆನೋ ಇಲ್ಲವೋ ಎಂದು ಸಂಶಯ ಬಂತು. ಮೂರನೆಯದನ್ನು ದಾಟಿ ಅದು ನೇರವಾಗಿ ಹೋಯಿತು, ಕನ್ನಡಿ ಒಂದು ಸಲ ಮಿಂಚಿತು, ಆಮೇಲೆ ಕಾಣಲಿಲ್ಲ. ಗ್ಯಾರಂಟಿ ಮುಗಿಯಿತು, ಎಂದಳು ಸುಲ್ಮಾ. ನೆಲಿದಾ ಮಗನ ಕಡೆ ತಿರುಗಿ, ಇನ್ನು ನೀನು ಹೋಗಬಹುದು, ಅಂದಳು. ಹತ್ತರಂದು ಅವನು ಹೊರಟ.

ಮನೆಗೆ ಬರುವಾಗ ನೆಲಿದಾ ಒಂದು ಪ್ರಶ್ನೆ ಕೇಳಿದಳು. ನಲವತ್ತು ವರ್ಷದಿಂದ ನೀನು ಮಾರಿದ ದೋಣಿಗಳೆಲ್ಲ ಯಾರಿಗೆ ಮುಟ್ಟಿದವು? ಸುಲ್ಮಾ ನಡೆಯುತ್ತಲೇ, ಅದು ನನಗೆ ಗೊತ್ತಿಲ್ಲ, ಅಂದಳು. ವ್ಯಾಪಾರದಲ್ಲಿ ಅವಳು ಆ ಮಾತು ಹೇಳಿದ್ದು ಅಪರೂಪ.

ಅದಾದ ಮೇಲೆ ಪ್ರತಿ ಫೆಬ್ರವರಿ ಎರಡರ ಬೆಳಗ್ಗೆ ಸುಲ್ಮಾ ಖಾಲಿ ಹೊಟ್ಟೆಯಲ್ಲಿ ಬೀಚಿಗೆ ಇಳಿಯುತ್ತಾಳೆ. ಬಂದು ಅಂಗಡಿ ಬಾಗಿಲಿಗೆ ಸೀಮೆಸುಣ್ಣದಲ್ಲಿ ಉಪ್ಪು ಅಥವಾ ಸಿಹಿ ಎಂದು ಬರೆಯುತ್ತಾಳೆ. ಅಟ್ಟದ ಮೇಲೆ ಸಿಹಿನೀರಿನ ತಾಯಿಗೆಂದು ಹತ್ತು ಹಳದಿ ದೋಣಿ ಸದಾ ಸಿದ್ಧವಿರುತ್ತವೆ. ಮೇಷ್ಟ್ರು ಲೌರೊ ಟವೆಲು ಹೆಗಲಿಗೆ ಹಾಕಿಕೊಂಡು ಹೋಗುವಾಗ ಬಾಗಿಲು ಓದಿಕೊಂಡು ಹೋಗುತ್ತಾರೆ. ಯಾರಾದರೂ ಪರವೂರಿನವರು, ನಿಮ್ಮ ರಾಜಧಾನಿ ಕಡಲೂರು ಹೌದಾ ಎಂದು ಕೇಳಿದರೆ ಸುಲ್ಮಾ, ಎಷ್ಟನೇ ತಾರೀಖಿಗೆ ಬೇಕು, ಎಂದು ಕೇಳುತ್ತಾಳೆ.